ಕಟ್ಟಿದ ಮೋರಿಗೆ ಆ್ಯಸಿಡ್ ಬೇಡ, ಕೈ ಸಾಕು

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯಂಥ ಕಡೆಯೂ ಈಗ ಅಡುಗೆಮನೆಯೊಳಗೇ ನಲ್ಲಿ, ನಲ್ಲಿಯ ಕೆಳಗೆ ಸ್ಟೀಲಿನ ಸಿಂಕು, ಸಿಂಕಿನಿಂದ ಗೋಡೆಯಾಚೆಗೆ ಪೈಪು ಬಂದಿದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಮನೆಮನೆಗೆ ನೀರು ತರುವ ಮಾತಾಡಿತು. ಬಂದ ನೀರು ಹೊರಗೆ ಹೋಗುವ ದಾರಿಯ ಬಗ್ಗೆ ಮನೆಗಳಲ್ಲಿ ಅಷ್ಟು ಮಾತು ನಡೆಯಲಿಲ್ಲ. ಹೀಗಾಗಿ ಸಿಂಕಿನಲ್ಲಿ ನೀರು ನಿಲ್ಲತೊಡಗಿದ ದಿನ ಕಾಣುವುದು ಎರಡೇ ದಾರಿ. ಕನಕಪುರದಿಂದಲೋ ಸಾತನೂರಿನಿಂದಲೋ ಪ್ಲಂಬರನ್ನು ಕರೆಸಬೇಕು, ಇಲ್ಲವೇ ಅಂಗಡಿಯಿಂದ ಪುಡಿಯನ್ನೋ ಆ್ಯಸಿಡ್ಡನ್ನೋ ತಂದು ಸುರಿಯಬೇಕು. ಮೊದಲನೆಯದಕ್ಕೆ ಕಾಯಬೇಕು, ಕಾಸು ಕೊಡಬೇಕು, ಎರಡನೆಯದು ಅಪಾಯ. ನಿಧಾನವಾಗಿ ಇಳಿಯುವ ಮೋರಿಯನ್ನು ಮನೆಯವರೇ ಬಿಚ್ಚಿ ತೊಳೆಯುವುದು ಇವೆರಡಕ್ಕಿಂತ ಸುಲಭ, ಅಗ್ಗ, ಮತ್ತು ಎಲ್ಲ ರೀತಿಯಲ್ಲೂ ಸರಿ ಎಂಬುದು ನನ್ನ ವಾದ.

ಪೈಪಿನೊಳಗೆ ಕಟ್ಟಿಕೊಳ್ಳುವುದು ಏನೆಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಈ ಸೀಮೆಯ ಊಟ ರಾಗಿ ಮುದ್ದೆ, ಸಾರು. ಮುದ್ದೆ ಪಾತ್ರೆಯ ತಳಕ್ಕೆ ಹತ್ತಿದ ಸೀಕು, ಕೋಲಿಗೆ ಮೆತ್ತಿದ ಹಿಟ್ಟು, ಅನ್ನ ಬಸಿದ ಗಂಜಿ, ಕಾಯಿ ರುಬ್ಬಿದ ಮಸಾಲೆಯ ಜಿಡ್ಡು, ಟೀ ಚರಟ ಇವೆಲ್ಲ ದಿನವೂ ಮುಸುರೆ ನೀರಿನ ಜೊತೆ ಹೋಗುತ್ತವೆ. ಹಿಂದೆ ಇವುಗಳಲ್ಲಿ ಹೆಚ್ಚಿನವು ಕಲಗಚ್ಚಿನ ಬಾನಿ ಸೇರಿ ಹಸು ಎಮ್ಮೆಗಳ ಹೊಟ್ಟೆಗೆ ಹೋಗುತ್ತಿದ್ದವು. ಸಿಂಕು ಬಂದ ಮೇಲೆ ಕಲಗಚ್ಚು ಪೈಪಿಗೆ ಇಳಿಯಿತು. ಬೆಂದ ರಾಗಿ ಹಿಟ್ಟು ಅಂಟಿನಂತೆ ಕಚ್ಚಿಕೊಳ್ಳುತ್ತದೆ. ಎಣ್ಣೆ ತಣ್ಣಗಾದಂತೆ ಗಟ್ಟಿಯಾಗಿ ಪೈಪಿನ ಒಳಮೈಗೆ ಹತ್ತುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿದರೆ ನೀರಿನಲ್ಲಿ ಕರಗದ ಬಿಳಿ ಗಷ್ಟಾಗುತ್ತದೆ. ಬಚ್ಚಲಲ್ಲಿ ಈ ಗಷ್ಟಿಗೆ ತಲೆಗೂದಲು, ಶೀಗೆಪುಡಿ, ಮೈ ಉಜ್ಜುವ ನಾರಿನ ಎಳೆ ಸುತ್ತಿಕೊಳ್ಳುತ್ತವೆ. ನೀರು ಒಮ್ಮೆಲೇ ನಿಲ್ಲದೆ ವಾರವಾರಕ್ಕೂ ನಿಧಾನವಾಗುತ್ತ ಬರುವುದು ಇದೇ ಕಾರಣಕ್ಕೆ.

ಈ ಗಷ್ಟು ಸಾಮಾನ್ಯವಾಗಿ ಕೈಗೆಟಕುವ ಜಾಗದಲ್ಲೇ ಇರುತ್ತದೆ. ಸಿಂಕಿನ ಕೆಳಗಿನ ಬಾಗಿದ ಕೊಳವೆ ಅಥವಾ ಬಾಟಲ್ ಟ್ರ್ಯಾಪ್, ಬಚ್ಚಲಿನ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪ್, ಇವು ಸದಾ ಒಂದಿಷ್ಟು ನೀರು ಹಿಡಿದಿಟ್ಟು ಮೋರಿಯ ವಾಸನೆ, ಜಿರಲೆ ಒಳಬರದಂತೆ ತಡೆಯಲು ಇರುವಂಥವು. ನೀರು ನಿಲ್ಲುವ ಕಡೆ ಕಸವೂ ನಿಲ್ಲುತ್ತದೆ. ಸಿಂಕಿನ ಕೆಳಗೆ ಬಕೆಟ್ ಇಟ್ಟು, ಟ್ರ್ಯಾಪಿನ ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲೇ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಬಕೆಟ್ಟಿಗೆ ಬೀಳುವುದು ಬೂದು ಬಣ್ಣದ, ಮೇಣದಂತೆ ಜಾರುವ ಮುದ್ದೆ. ಹಿಸುಕಿದರೆ ಒಳಗೆ ಟೀ ಚರಟ, ಕರಿಬೇವಿನ ದಂಟು, ಪಾತ್ರೆ ಉಜ್ಜುವ ನಾರು ಕಾಣುತ್ತವೆ. ಟ್ರ್ಯಾಪನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ, ಒಳಗಿನ ರಬ್ಬರ್ ವಾಷರ್ ಇದ್ದಲ್ಲೇ ಕೂರಿಸಿ, ನಟ್ಟು ಬಿಗಿದರೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ಟ್ರ್ಯಾಪೇ ಇಲ್ಲದೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ವೇಸ್ಟ್ ಪೈಪು ನೇರವಾಗಿ ನೆಲದ ತೂತಿಗೆ ಇಳಿದಿರುತ್ತದೆ. ಅದರ ಒಂದೊಂದು ಸುಕ್ಕಿನಲ್ಲೂ ಜಿಡ್ಡು ಕೂರುತ್ತದೆ. ಅದನ್ನು ಕಳಚಿ ಹಿತ್ತಲಲ್ಲಿ ಬಿಸಿನೀರು ಹಾಕಿ ತೊಳೆಯಬಹುದು. ಬಚ್ಚಲಿಗೆ ತುದಿ ಬಗ್ಗಿಸಿದ ದಪ್ಪ ತಂತಿ ಸಾಕು. ಜಾಲರಿ ತೆಗೆದು, ತಂತಿ ಇಳಿಸಿ, ತಿರುವಿ ಎಳೆದರೆ ಕೂದಲಿನ ಉಂಡೆ ಹಗ್ಗದಂತೆ ಮೇಲೆ ಬರುತ್ತದೆ. ಟ್ರ್ಯಾಪು ಶುಚಿಯಾಗಿದ್ದೂ ನೀರು ಇಳಿಯದಿದ್ದರೆ ಕೋಲಿನ ತುದಿಗೆ ರಬ್ಬರ್ ಬಟ್ಟಲಿರುವ ಪಂಪು ಬೇಕಾಗುತ್ತದೆ. ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸಿ, ಗಾಳಿ ಹೋಗುವ ಬೇರೆ ತೂತುಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚಿ ಒತ್ತಬೇಕು. ಒತ್ತುವುದರಷ್ಟೇ ಮೇಲಕ್ಕೆ ಎಳೆಯುವುದೂ ಮುಖ್ಯ. ಕಚ್ಚಿದ ಗಷ್ಟು ಸಡಿಲವಾಗುವುದು ಆ ಹಿಂದುಮುಂದಿನ ಎಳೆತಕ್ಕೆ.

ಇಷ್ಟೆಲ್ಲ ಯಾಕೆ, ಪುಡಿ ಹಾಕಿದರೆ ಅರ್ಧ ಗಂಟೆಯಲ್ಲಿ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಲವೊಮ್ಮೆ ಹೋಗುತ್ತದೆ, ನಿಜ. ಆದರೆ ಆ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ಅದು ನೀರಿಗೆ ಬಿದ್ದೊಡನೆ ಕುದಿಯುವಷ್ಟು ಬಿಸಿಯಾಗಬಲ್ಲದು, ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ದಾರಿ ಬಿಡದಿದ್ದರೆ ಅದೇ ಸುಡುನೀರು ಪೈಪಿನಲ್ಲಿ ನಿಂತು, ಮುಂದೆ ಬಿಚ್ಚುವವರ ಕೈಮೇಲೆ ಬೀಳುತ್ತದೆ. ಆ್ಯಸಿಡ್ ಸಿಮೆಂಟನ್ನೂ ಲೋಹವನ್ನೂ ತಿನ್ನುತ್ತದೆ. ಅದರ ಮೇಲೆ ಬ್ಲೀಚಿಂಗ್ ಪುಡಿ ಬಿದ್ದರೆ ಹೊಮ್ಮುವುದು ಕ್ಲೋರಿನ್ ಅನಿಲ. ಗಾಳಿಯಾಡದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು. ಅಡುಗೆ ಸೋಡಾ, ವಿನಿಗರ್ ಬೆರೆಸುವ ಉಪಾಯ ಅಪಾಯವಿಲ್ಲದ್ದು, ಆದರೆ ಒಂದನ್ನೊಂದು ತಟಸ್ಥಗೊಳಿಸಿ ನೊರೆ ಬಿಟ್ಟು ಮುಗಿದುಹೋಗುತ್ತವೆ. ಜಿಡ್ಡು ಅಲ್ಲೇ ಇರುತ್ತದೆ. ಕುದಿಯುವ ನೀರನ್ನೂ ಸುರಿಯಬಾರದು, ಪಿವಿಸಿ ಪೈಪು ಮೆತ್ತಗಾಗಿ ಜೋಡಣೆ ಬಿಡುತ್ತದೆ. ಸ್ನಾನಕ್ಕೆ ಕಾಸುವಷ್ಟು ಬಿಸಿ ಸಾಕು. ಇನ್ನೊಂದು ವಿಷಯ, ಮೋರಿಗೆ ಸುರಿದದ್ದು ಎಲ್ಲೋ ಮಾಯವಾಗುವುದಿಲ್ಲ ಎಂಬುದು ಈ ಭಾಗದವರಿಗೆ ಚೆನ್ನಾಗಿ ಗೊತ್ತಿದೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಊರಿನ ಮೋರಿ ನೀರು ಅದರ ಮುಂದೆ ಅತ್ಯಲ್ಪ, ಒಪ್ಪುತ್ತೇನೆ. ಆದರೆ ಅದು ಹೋಗುವುದು ನಮ್ಮದೇ ಹಿತ್ತಲಿನ ಬಾಳೆ ಬುಡಕ್ಕೆ, ಬಚ್ಚಲು ಗುಂಡಿಗೆ, ನಮ್ಮದೇ ಮಣ್ಣಿಗೆ.

ಎರಡನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೋರಿಗೆ ಕೈ ಹಾಕುವುದು ನಮ್ಮ ಕೆಲಸವಲ್ಲ ಎಂಬ ಹೇಸಿಗೆ ಅದು. ಅದರ ಬೇರು ಜಾತಿಯಲ್ಲಿದೆ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ನಾಡು ಇದು. ನಾವೇ ಉಂಡ ಮುದ್ದೆಯ ಸೀಕು, ನಮ್ಮದೇ ತಲೆಗೂದಲು ಪೈಪಿಗೆ ಇಳಿದೊಡನೆ ಇನ್ನೊಬ್ಬರು ಮುಟ್ಟಬೇಕಾದ ಹೊಲಸಾಗುವುದು ನ್ಯಾಯವಲ್ಲ. ಹಾಗೆಂದು ಈ ಕೆಲಸವೂ ಮನೆಯ ಹೆಂಗಸರ ತಲೆಗೆ ಬೀಳಬಾರದು. ಪಾತ್ರೆ ತೊಳೆಯುವವರು ಅವರೇ ಆದರೆ ಟ್ರ್ಯಾಪು ಬಿಚ್ಚುವ ಪಾಳಿ ಗಂಡಸರದಾಗಲಿ. ಪ್ಲಂಬರ್‌ಗಳ ಹೊಟ್ಟೆಯ ಮೇಲೆ ಹೊಡೆದಂತಾಗದೇ ಎನ್ನುವವರಿಗೆ ಉತ್ತರ ಸರಳ: ಟ್ಯಾಂಕು, ಮೋಟಾರು, ಹೊಸ ಪೈಪ್‌ಲೈನು ಎಂದು ಅವರ ಕಸುಬಿಗೆ ತಕ್ಕ ಕೆಲಸ ಬೇಕಾದಷ್ಟಿದೆ.

ಕೈ ಹಾಕಬಾರದ ಜಾಗವೂ ಇದೆ. ಒಂದು ಸಿಂಕು ಮಾತ್ರ ನಿಧಾನವಾಗಿದ್ದರೆ ತೊಡಕು ಅದರ ಕೆಳಗೇ ಇದೆ ಎಂದು ತಿಳಿಯಬಹುದು. ಸಿಂಕು, ಬಚ್ಚಲು, ಪಾಯಖಾನೆ ಮೂರೂ ಒಟ್ಟಿಗೆ ಕಟ್ಟಿದ್ದರೆ, ಒಂದು ಕಡೆ ಸುರಿದ ನೀರು ಇನ್ನೊಂದು ಕಡೆ ಗುಳುಗುಳು ಎಂದು ಮೇಲೆ ಬಂದರೆ, ತೊಡಕು ಹೊರಗಿನ ಲೈನಿನಲ್ಲೋ ಗುಂಡಿಯಲ್ಲೋ ಇರುತ್ತದೆ. ಆಗ ಕಸುಬುದಾರರೇ ಬೇಕು. ಪಾಯಖಾನೆ ಗುಂಡಿಗೆ ಯಾರೂ, ಎಷ್ಟೇ ದುಡ್ಡು ಕೊಟ್ಟರೂ, ಇಳಿಯಬಾರದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಎಚ್ಚರ ತಪ್ಪಿಸಬಲ್ಲದು. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗುಂಡಿ ತುಂಬಿದರೆ ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ. ಉಳಿದಂತೆ ಸಿಂಕಿಗೊಂದು ಜಾಲರಿ ಹಾಕಿ, ಪಾತ್ರೆ ತೊಳೆಯುವ ಮುಂಚೆ ಸೀಕು ಬಳಿದು ಕಲಗಚ್ಚಿಗೆ ಸೇರಿಸಿ. ಆಮೇಲೂ ನೀರು ನಿಂತರೆ, ಅಂಗಡಿಗೆ ಹೋಗುವ ಮೊದಲು ಸಿಂಕಿನ ಕೆಳಗೆ ಬಕೆಟ್ ಇಟ್ಟು ನಟ್ಟು ತಿರುಗಿಸಿ ನೋಡಿ.