ಹೆಸರಿನ ಬೆಲೆ, ಹೊರೆಯ ಬೆಲೆ

ದುಡಿದು ಹೆಸರು ತಂದ ಆಸ್ತಿಯನ್ನು ಯಾವಾಗ, ಯಾವ ಷರತ್ತಿನ ಮೇಲೆ ಬಿಟ್ಟುಕೊಡಬೇಕೆಂಬ ಪ್ರಶ್ನೆ ಪ್ರತಿಯೊಬ್ಬ ಉದ್ಯಮಿಯನ್ನೂ ಒಂದಲ್ಲ ಒಂದು ದಿನ ಕಾಡುತ್ತದೆ. ಈ ವಿಷಯದಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ನಮಗೆ ಪಾಠ ಹೇಳಬಲ್ಲದು. ಅಲ್ಲಿನ ನ್ಯಾಷನಲ್ ಹಾಕಿ ಲೀಗ್‌ನ ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಂಡಾಗ, ಆಟಗಾರನೊಡನೆ ಅವನ ವೇತನದ ಕರಾರೂ ಪಡೆದವರ ಹೆಗಲೇರುತ್ತದೆ. ಪ್ರತಿ ತಂಡದ ಒಟ್ಟು ವೇತನಕ್ಕೆ ಮಿತಿಯೂ ಉಂಟು.

2023ರ ಬೇಸಗೆಯಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ತಂಡ ಇಂತಹ ಇಕ್ಕಟ್ಟಿನಲ್ಲಿತ್ತು. ಅದರ ರಕ್ಷಣಾ ಆಟಗಾರ ಎರಿಕ್ ಕಾರ್ಲ್‌ಸನ್‌ಗೆ ಆಗ 33 ವರ್ಷ. ಗೋಲು ಮತ್ತು ನೆರವು ಸೇರಿ 101 ಅಂಕ ಗಳಿಸಿ, ಶ್ರೇಷ್ಠ ರಕ್ಷಣಾ ಆಟಗಾರನಿಗೆ ಸಲ್ಲುವ ನಾರಿಸ್ ಪ್ರಶಸ್ತಿಯನ್ನು ಮೂರನೆಯ ಬಾರಿ ಪಡೆದಿದ್ದರು. ಆದರೆ ತಂಡ 82 ಪಂದ್ಯಗಳಲ್ಲಿ ಗೆದ್ದದ್ದು ಕೇವಲ 22. ಕರಾರಿನಲ್ಲಿ ಇನ್ನೂ ನಾಲ್ಕು ವರ್ಷ ಉಳಿದಿತ್ತು. ವರ್ಷಕ್ಕೆ 1.15 ಕೋಟಿ ಡಾಲರ್, ಅಂದರೆ 8.35 ಕೋಟಿಯ ವೇತನ ಮಿತಿಯಲ್ಲಿ ಸುಮಾರು ಏಳನೆಯ ಒಂದು ಪಾಲು. ಮೇಲಾಗಿ ಅವರ ಸಮ್ಮತಿಯಿಲ್ಲದೆ ವರ್ಗಾವಣೆ ಸಾಧ್ಯವಿರಲಿಲ್ಲ.

ವ್ಯವಸ್ಥಾಪಕರ ಕುರ್ಚಿಯಲ್ಲಿ ನಾವೇ ಕುಳಿತಿದ್ದೇವೆಂದು ಭಾವಿಸೋಣ. ಮೊದಲನೆಯ ದಾರಿ, ಉಳಿಸಿಕೊಳ್ಳುವುದು. ಕರಾರು ಮುಗಿಯುವಾಗ ಅವರಿಗೆ 37 ತುಂಬಿರುತ್ತದೆ. ತಂಡವನ್ನು ಮರಳಿ ಕಟ್ಟುವ ಹೊತ್ತಿಗೆ ಆಟಗಾರ ಸವೆದಿರುತ್ತಾರೆ. ಎರಡನೆಯದು, ನಿಯಮ ಅನುಮತಿಸುವ ಗರಿಷ್ಠ ಪಾಲಾದ ಅರ್ಧ ವೇತನವನ್ನು ತಾವೇ ಭರಿಸಿ ಹೆಚ್ಚಿನ ಪ್ರತಿಫಲ ಕೇಳುವುದು. ಆಗ ನಾಲ್ಕು ವರ್ಷಗಳಲ್ಲಿ 2.3 ಕೋಟಿ ಡಾಲರ್ ಪರರಿಗಾಗಿ ದುಡಿಯುವವರ ಸಂಬಳಕ್ಕೆ ಹೋಗುತ್ತದೆ. ಮೂರನೆಯದು, ಅಲ್ಪ ಪಾಲನ್ನು ಹೊತ್ತು ಸಾಧಾರಣ ಪ್ರತಿಫಲಕ್ಕೆ ಒಪ್ಪುವುದು.

ಸ್ಯಾನ್ ಹೋಸೆ ಆರಿಸಿಕೊಂಡದ್ದು ಮೂರನೆಯದನ್ನು. 2023ರ ಆಗಸ್ಟ್ 6ರಂದು ಮಾಂಟ್ರಿಯಲ್ ತಂಡವೂ ಸೇರಿದ ತ್ರಿಪಕ್ಷೀಯ ಒಪ್ಪಂದದಲ್ಲಿ ಕಾರ್ಲ್‌ಸನ್ ಪಿಟ್ಸ್‌ಬರ್ಗ್‌ಗೆ ಹೋದರು. ಸ್ಯಾನ್ ಹೋಸೆ ವರ್ಷಕ್ಕೆ 15 ಲಕ್ಷ ಡಾಲರ್ ಭಾರ ಉಳಿಸಿಕೊಂಡಿತು. ಪ್ರತಿಯಾಗಿ ಮೂವರು ಆಟಗಾರರೂ, 2024ರ ಹೊಸಬರ ಆಯ್ಕೆಯಲ್ಲಿ ಮೊದಲ ಸುತ್ತಿನ ಒಂದು ಹಕ್ಕೂ ದೊರೆತವು. ಪ್ರಶಸ್ತಿ ವಿಜೇತನಿಗೆ ಇದು ಕಡಿಮೆ ಬೆಲೆಯೆಂದು ತೋರುವುದು ಸಹಜ. ಆದರೆ ಬಂದ ಮೂವರ ಕರಾರುಗಳೂ 2025ರೊಳಗೆ ಮುಗಿಯುವಂಥವು. ದೀರ್ಘ ಹೊರೆ ಅಲ್ಪಾವಧಿಯ ಹೊರೆಯಾಯಿತು. ಅವರಲ್ಲೊಬ್ಬರಾದ ಗ್ರಾನ್‌ಲುಂಡ್ 2025ರ ಫೆಬ್ರವರಿಯಲ್ಲಿ ಇನ್ನೊಬ್ಬ ಆಟಗಾರನೊಡನೆ ಡಲ್ಲಾಸ್‌ಗೆ ಹೋದಾಗ ಮತ್ತೊಂದು ಮೊದಲ ಸುತ್ತಿನ ಹಕ್ಕು ಕೈಸೇರಿತು. ಅತ್ತ ಕಾರ್ಲ್‌ಸನ್‌ರ ಗಳಿಕೆ 2023-24ರಲ್ಲಿ 56 ಅಂಕಕ್ಕಿಳಿಯಿತು. ಪಿಟ್ಸ್‌ಬರ್ಗ್ ಅಂತಿಮ ಸುತ್ತುಗಳಿಗೆ ಅರ್ಹತೆ ಪಡೆಯಲಿಲ್ಲ.

ಹಾಗೆಂದು ವಯಸ್ಸಾದವರನ್ನು ಕೊಳ್ಳುವುದೇ ತಪ್ಪೆನ್ನಲಾಗದು. 2000ದ ಮಾರ್ಚ್‌ನಲ್ಲಿ ಕೊಲೊರಾಡೊ ತಂಡ 39 ವರ್ಷದ ರೇ ಬೋರ್ಕ್ ಅವರನ್ನು ಬಾಸ್ಟನ್‌ನಿಂದ ಪಡೆದು, 2001ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಆ ತಂಡ ಆಗಲೇ ಬಲಿಷ್ಠವಾಗಿತ್ತು. ಅದಕ್ಕೆ ಬೇಕಾದದ್ದು ಒಂದೆರಡು ವರ್ಷದ ಸೇವೆ ಮಾತ್ರ.

ಕಂತು ತೀರದ ಹಳೆಯ ಯಂತ್ರವನ್ನು ಮಾರಹೊರಟ ನಮ್ಮ ಸಣ್ಣ ಉದ್ಯಮಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅದು ನಿನ್ನೆ ಎಷ್ಟು ದುಡಿಯಿತೆಂಬ ಅಭಿಮಾನಕ್ಕೆ ಯಾರೂ ಹಣ ಕೊಡುವುದಿಲ್ಲ. ಮುಂದೆಷ್ಟು ದುಡಿದೀತು, ಅದರ ಜೊತೆ ಎಷ್ಟು ಸಾಲ ಬಂದೀತು ಎಂಬುದನ್ನೇ ಕೊಳ್ಳುವವನು ನೋಡುತ್ತಾನೆ. ಯಂತ್ರ ಚೆನ್ನಾಗಿ ಓಡುತ್ತಿರುವಾಗಲೇ, ಹೊರೆಯ ಒಂದಂಶವನ್ನು ತಾನು ಹೊತ್ತಾದರೂ ಮಾರುವುದು ಸೋಲಲ್ಲ. ಅದೇ ನಿಜವಾದ ವ್ಯಾಪಾರ.