ತೆಳುಗಾಳಿಯಲ್ಲಿ ಹತ್ತು ಸಾವಿರ ಮೀಟರ್

1968ರ ಅಕ್ಟೋಬರ್ 13, ಮೆಕ್ಸಿಕೊ ನಗರ. ಒಲಿಂಪಿಕ್ಸ್‌ನ ಪುರುಷರ 10,000 ಮೀಟರ್ ಓಟ. ಆ ದೂರವನ್ನು 1965ರಲ್ಲಿ 27 ನಿಮಿಷ 39.4 ಸೆಕೆಂಡುಗಳಲ್ಲಿ ಕ್ರಮಿಸಿ ವಿಶ್ವದಾಖಲೆ ಮಾಡಿದ್ದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಅಂದು ಆರನೆಯವರಾಗಿ ಗುರಿ ಮುಟ್ಟಿ, ಪ್ರಜ್ಞೆ ತಪ್ಪಿ ಬಿದ್ದರು. ಅವರಿಗೆ ಆಮ್ಲಜನಕ ಕೊಡಬೇಕಾಯಿತು. ಗೆದ್ದ ಕೀನ್ಯದ ನಫ್ತಾಲಿ ತೆಮು ಅವರಿಗೂ 29 ನಿಮಿಷ 27.4 ಸೆಕೆಂಡು ಹಿಡಿಯಿತು. ಚಿನ್ನದ ಓಟವೇ ದಾಖಲೆಗಿಂತ 1 ನಿಮಿಷ 48 ಸೆಕೆಂಡು ನಿಧಾನ!

ಕಾರಣ, ಆ ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕದ ಶೇಕಡಾ ಪ್ರಮಾಣ ಕಡಿಮೆ ಎಂದು ಬರೆದು ಅಂಕ ಕಳೆದುಕೊಳ್ಳುವ ವಿದ್ಯಾರ್ಥಿಗಳುಂಟು. ಪ್ರಮಾಣ ಅಲ್ಲಿಯೂ ಶೇ. 21ರಷ್ಟೇ. ಕಡಿಮೆಯಿರುವುದು ವಾಯುವಿನ ಒತ್ತಡ. ಸಮುದ್ರಮಟ್ಟದಲ್ಲಿರುವುದರ ಸುಮಾರು ಮುಕ್ಕಾಲು ಪಾಲು. ಹೀಗಾಗಿ ಪ್ರತಿ ಉಸಿರಿನಲ್ಲಿಯೂ ರಕ್ತಕ್ಕೆ ಸೇರುವ ಆಮ್ಲಜನಕ ತಗ್ಗುತ್ತದೆ. ಅರ್ಧ ಗಂಟೆ ಓಡುವ ಸ್ನಾಯುಗಳು ನೆಚ್ಚಿರುವುದು ಅದನ್ನೇ.

ಅದೇ ಕೂಟದಲ್ಲಿ ಅಮೆರಿಕದ ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದರು. ಕೆಲವೇ ಸೆಕೆಂಡುಗಳ ಕೆಲಸಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ಸಾಕು. ಜೊತೆಗೆ ತೆಳುಗಾಳಿಯ ತಡೆಯೂ ಕಡಿಮೆ.

ತೆಮು, ಎರಡನೆಯವರಾದ ಇಥಿಯೋಪಿಯದ ಮಾಮೊ ವೋಲ್ಡೆ ಇಬ್ಬರೂ ಎತ್ತರದ ನಾಡಿನವರು. ಬಯಲಿನವರೂ ಎತ್ತರದಲ್ಲಿ ವಾರಗಟ್ಟಲೆ ಇದ್ದರೆ, ಮೂತ್ರಪಿಂಡಗಳು ಸ್ರವಿಸುವ ಹಾರ್ಮೋನಿನ ಪ್ರೇರಣೆಯಿಂದ ಅವರ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುತ್ತವೆ. ದೂರದ ಓಟಗಾರರು ಇಂದು ಬೆಟ್ಟದೂರುಗಳಿಗೆ ಹೋಗಿ ತರಬೇತಿ ಪಡೆಯುವುದು ಇದಕ್ಕಾಗಿಯೇ.

ಇಷ್ಟೆಲ್ಲ ದಾಖಲೆಗಳ ಕ್ಲಾರ್ಕ್‌ಗೆ ದಕ್ಕಿದ ಒಲಿಂಪಿಕ್ ಪದಕ ಒಂದೇ: 1964ರಲ್ಲಿ ಟೋಕಿಯೊದ ಕಂಚು.