ಸಾರಮೇಯನೊಡನೆ ಸೈಕಲ್ ಯಾತ್ರೆ

ಪುಣೆಯಲ್ಲಿ ನೆಲಸಿ, ಬಾಣೇರ ಹಿಂಜವಡಿಗಳ ಬಹುಮಹಡಿಯ ಮನೆಗಳಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮೊದಲಾದ ಮಹಾಕಾಯದ ನಾಯಿಗಳನ್ನು ಸಾಕಿಕೊಂಡಿರುವ ನಮ್ಮ ತರುಣರ ಬಾಯಿಂದ ಈಚೆಗೆ ಆಗಾಗ ಒಂದು ಸಂಕಲ್ಪ ಕೇಳಿಬರುತ್ತದೆ: ನಾಯಿಯನ್ನೂ ಕರೆದುಕೊಂಡು ಸೈಕಲ್ಲಿನ ಮೇಲೆ ಬೆಂಗಳೂರಿನವರೆಗೆ ಹೋಗಬೇಕು ಎಂಬುದು. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಲನಚಿತ್ರದಲ್ಲಿ ಧರ್ಮನೆಂಬ ಏಕಾಕಿ ರೋಗಗ್ರಸ್ತವಾದ ತನ್ನ ನಾಯಿಯನ್ನು ಮೋಟಾರ್ ಸೈಕಲ್ಲಿನ ಪಕ್ಕದ ಬಂಡಿಯಲ್ಲಿ ಕೂರಿಸಿಕೊಂಡು ಹಿಮಾಲಯದ ಹಿಮವನ್ನು ತೋರಿಸಲು ಹೊರಟ ಕಥೆಯನ್ನು ಕಂಡು ಕಣ್ಣೊರಸಿಕೊಂಡವರಲ್ಲಿ ಇಂತಹ ಹಂಬಲ ಮೊಳೆತದ್ದು ಸಹಜವೇ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಪ್ರಖ್ಯಾತವಾಗಿದ್ದು, ಕಾಲೇಜಿನ ವಿದ್ಯಾರ್ಥಿಯಿಂದ ಮೊದಲ್ಗೊಂಡು ಪಿಂಚಣಿದಾರನವರೆಗೆ ಸಕಲರೂ ಪೆಡಲು ತುಳಿಯುತ್ತಿದ್ದ ಈ ಊರಿನಲ್ಲಿ ಅದು ಹುಟ್ಟಿದ್ದೂ ಯುಕ್ತವೇ. ಮಹಾನಗರಪಾಲಿಕೆಯವರು 2017ರಲ್ಲಿ ಸಮಗ್ರ ಸೈಕಲ್ ಯೋಜನೆಯೊಂದನ್ನು ಅಂಗೀಕರಿಸಿದ್ದಾರೆಂಬುದೂ, ಅವರು ಕಟ್ಟಿದ ಸೈಕಲ್ ಹಾದಿಗಳ ಮೇಲೆ ಅನೇಕ ಕಡೆ ಸ್ಕೂಟರುಗಳು ವಿಶ್ರಮಿಸುತ್ತಿರುತ್ತವೆಂಬುದೂ ಏಕಕಾಲದಲ್ಲಿ ನಿಜ.

ಈ ಸಂಕಲ್ಪಕ್ಕೆ ನಾನು ವಿರೋಧಿಯಲ್ಲ. ಅದರ ಸಿದ್ಧತೆಯ ಕ್ರಮ ತಲೆಕೆಳಗಾಗಿದೆ ಎಂಬುದಷ್ಟೇ ನನ್ನ ಆಕ್ಷೇಪ. ಮೊದಲು ಗಮ್ಯಸ್ಥಾನವನ್ನು ನಿಶ್ಚಯಿಸುವುದು, ಅನಂತರ ಕಚೇರಿಯಿಂದ ದೊರೆಯಬಹುದಾದ ರಜೆಯಿಂದ ಆ ದೂರವನ್ನು ಭಾಗಿಸಿ ದಿನವೊಂದರ ಕಿಲೋಮೀಟರುಗಳನ್ನು ಪಡೆಯುವುದು, ಆಮೇಲೆ ಸೈಕಲ್ಲನ್ನೂ ಕ್ಯಾಮೆರಾವನ್ನೂ ಕೊಳ್ಳುವುದು, ಕಟ್ಟಕಡೆಗೆ ನಾಯಿಯ ವಿಚಾರವನ್ನು ನೆನೆಯುವುದು: ಇದು ರೂಢಿಯಾಗಿರುವ ಕ್ರಮ. ನಾಯಿಯ ದೇಹಶಕ್ತಿಯಿಂದ ದಿನದ ದೂರವನ್ನೂ, ಆ ದೂರದಿಂದ ಗಮ್ಯವನ್ನೂ ನಿರ್ಧರಿಸುವುದೇ ಸರಿಯಾದ ಕ್ರಮ.

1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಸೈಕಲ್ಲೇರಿ ಜಗತ್ಪರ್ಯಟನಕ್ಕೆ ಹೊರಟ ಪಾರ್ಸಿ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು ಮರುಭೂಮಿಗಳನ್ನೂ ಅರಣ್ಯಗಳನ್ನೂ ದಾಟಿ 1928ರಲ್ಲಿ ಸ್ವದೇಶಕ್ಕೆ ಮರಳಿದರು. ಅವರು ಸಹಿಸಿದ ಹಸಿವು ನೀರಡಿಕೆಗಳು ಇಂದಿಗೂ ವಿಸ್ಮಯವನ್ನುಂಟುಮಾಡುತ್ತವೆ. ಆದರೆ ಅವು ಅವರೇ ವರಿಸಿದ ಕಷ್ಟಗಳು. ನಾಯಿಗೆ ಈ ಆಯ್ಕೆಯಿಲ್ಲ. ಒಡೆಯನು ಓಡಿದರೆ ತಾನೂ ಓಡುವುದು, ಕಾಲು ಸುಟ್ಟರೂ ಎದೆ ಬಿರಿದರೂ ಹಿಂದುಳಿಯದಿರುವುದು ಅದರ ಸ್ವಭಾವ. ಆ ಸ್ವಭಾವವನ್ನು ಸಮ್ಮತಿಯೆಂದು ಭಾವಿಸುವುದು ಘೋರವಾದ ತಪ್ಪು. ಈ ಮಾತನ್ನಾಡಿದೊಡನೆ ಯಾರಾದರೊಬ್ಬರು ಮಹಾಪ್ರಸ್ಥಾನದ ಪ್ರಸಂಗವನ್ನೆತ್ತಿ, ಧರ್ಮರಾಯನ ಸಂಗಡ ನಾಯಿ ಹೋಗಲಿಲ್ಲವೆ ಎಂದು ಕೇಳುವುದುಂಟು. ಹೋಯಿತು, ದಿಟ. ಆದರೆ ಅದು ಹಗ್ಗವಿಲ್ಲದೆ, ಕರೆಯದೆ, ತಾನಾಗಿ ಹಿಂಬಾಲಿಸಿತು. ಮುಂದಿದ್ದವರು ನಡೆಯುತ್ತಿದ್ದರೇ ಹೊರತು ಗಾಲಿಗಳ ಮೇಲೆ ಉರುಳುತ್ತಿರಲಿಲ್ಲ.

ದೊಡ್ಡ ನಾಯಿಗಳೊಡನೆ ದೀರ್ಘಪ್ರವಾಸ ಮಾಡುವ ವಿದ್ಯೆಯನ್ನು ವಿದೇಶದ ಚಿತ್ರಗಳಿಂದ ಕಲಿಯಬೇಕಾಗಿಯೂ ಇಲ್ಲ. ಫಲಟಣದ ಸುತ್ತಿನ ಬರಡುನಾಡಿನ ಧನಗರ ಕುರಿಗಾಹಿಗಳು ಪ್ರತಿ ವರ್ಷವೂ ದೀಪಾವಳಿ ಕಳೆಯುತ್ತಲೇ ಕುರಿಹಿಂಡು, ಸಾಮಾನು ಹೊರುವ ಕುದುರೆಗಳು, ಮಕ್ಕಳು ಮರಿಗಳು ಸಮೇತರಾಗಿ ಸಹ್ಯಾದ್ರಿಯನ್ನಿಳಿದು ಕೊಂಕಣಕ್ಕೆ ಹೋಗಿ, ಮಳೆಗಾಲಕ್ಕೆ ಮುಂಚೆ ಹಿಂದಿರುಗುತ್ತಾರೆ. ನಮ್ಮ ಬೆಳಗಾವಿ ಸೀಮೆಯ ಕುರುಬರ ಸಂಚಾರವೂ ಇದೇ ಬಗೆಯದು. ಆ ಹಿಂಡುಗಳ ಸಂಗಡ ನಾಯಿಗಳೂ ನೂರಾರು ಕಿಲೋಮೀಟರ್ ನಡೆಯುತ್ತವೆ. ಕುರಿ ಮೇಯುತ್ತ ಎಷ್ಟು ನಡೆಯಬಲ್ಲುದೋ ಅಷ್ಟೇ ಅವುಗಳ ನಿತ್ಯದ ಪಯಣ. ಉರಿಬಿಸಿಲಿನಲ್ಲಿ ಹಿಂಡು ಮರದಡಿಯಲ್ಲಿ ನಿಂತಾಗ ಅವೂ ಮಲಗುತ್ತವೆ. ತೋಳ ಚಿರತೆಗಳು ಕತ್ತಿಗೆ ಬಾಯಿ ಹಾಕದಂತೆ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿರುತ್ತಾರೆ. ಮಿಕ್ಕ ವಿಚಾರಗಳಲ್ಲಿ ಆ ನಾಯಿಗಳಿಗೆ ಸುಖದ ಬಾಳು ಲಭಿಸಿದೆಯೆಂದು ನಾನು ಹೇಳಲಾರೆ. ಆದರೆ ನಡಿಗೆಯ ವಿಷಯದಲ್ಲಿ ಧನಗರನಿಗೆ ತಿಳಿದಿರುವುದು ಸಾವಿರಾರು ರೂಪಾಯಿಯ ಸೈಕಲ್ಲಿನ ಒಡೆಯನಿಗೆ ತಿಳಿಯದು.

ಈಗ ನಾಯಿಯ ದೇಹಧರ್ಮವನ್ನು ಸ್ವಲ್ಪ ನೋಡಬೇಕು. ಮನುಷ್ಯನಂತೆ ಮೈಯೆಲ್ಲ ಬೆವರಿ ತಂಪಾಗುವ ಸೌಕರ್ಯ ಅದಕ್ಕಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರುವುದನ್ನು ಬಿಟ್ಟರೆ ನಾಲಿಗೆಯನ್ನು ಹೊರಚಾಚಿ ಏದುವುದೊಂದೇ ಅದರ ಉಪಾಯ. ಸ್ವಸ್ಥವಾದ ನಾಯಿಯ ಮೈಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41ನ್ನು ಮೀರಿತೆಂದರೆ ಪ್ರಾಣಾಪಾಯ. ಪುಣೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ಗಾಳಿಯೇ 40 ಡಿಗ್ರಿಯನ್ನು ಮುಟ್ಟುತ್ತಿರುವಾಗ, ಅದಕ್ಕಿಂತ ಬಹಳ ಹೆಚ್ಚಾಗಿ ಕಾದ ಡಾಂಬರಿನ ಮೇಲೆ, ನೆಲದಿಂದ ಎರಡಡಿ ಎತ್ತರದಲ್ಲಿ ಮುಖವಿಟ್ಟು ಓಡುವ ಪ್ರಾಣಿಯ ಅವಸ್ಥೆಯನ್ನು, ಮೇಲೆ ಗಾಳಿ ಸವಿಯುತ್ತ ಕುಳಿತ ಸವಾರನು ಊಹಿಸಲಾರ. ಅಂಗೈಯ ಹಿಂಬದಿಯನ್ನು ಏಳೆಂಟು ಸೆಕೆಂಡುಗಳ ಕಾಲ ರಸ್ತೆಯ ಮೇಲೆ ಒತ್ತಿ ಹಿಡಿಯಲಾಗದಿದ್ದರೆ ಆ ರಸ್ತೆ ನಾಯಿಯ ಪಾದಕ್ಕೆ ನಿಷಿದ್ಧ. ದೊಡ್ಡ ತಳಿಗಳ ಎಲುಬುಗಳು ಪಕ್ವವಾಗುವುದಕ್ಕೆ ಒಂದೂವರೆ ವರ್ಷ ಬೇಕಾಗುವುದರಿಂದ ಅದಕ್ಕಿಂತ ಎಳೆಯದನ್ನು ಸೈಕಲ್ಲಿನ ಜೊತೆಗೆ ಓಡಿಸಲಾಗದು. ಆಳವಾದ ಎದೆಗೂಡಿನ ನಾಯಿ ಹೊಟ್ಟೆತುಂಬ ಉಂಡು ಓಡಿತೆಂದರೆ ಜಠರ ಉಬ್ಬಿ ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಸಾಯುವ ಭಯವುಂಟು. ಆದಕಾರಣ ಅದರ ಮುಖ್ಯ ಆಹಾರವನ್ನು ದಿನದ ಪಯಣವೆಲ್ಲ ಮುಗಿದು ಮೈ ಆರಿದ ಮೇಲೆಯೇ ಕೊಡತಕ್ಕದ್ದು. 30 ಕಿಲೋ ತೂಕದ ನಾಯಿಗೆ ಮನೆಯಲ್ಲಿ ಸುಮ್ಮನಿದ್ದಾಗಲೇ ದಿನಕ್ಕೆ ಒಂದೂವರೆ ಲೀಟರಿಗೆ ಕಡಮೆಯಿಲ್ಲದಷ್ಟು ನೀರು ಬೇಕು. ದಾರಿಯಲ್ಲಿ ಅದರ ಇಮ್ಮಡಿಯನ್ನಾದರೂ ಹೊರಬೇಕು.

ಇವೆಲ್ಲವನ್ನೂ ಗಣಿಸಿದರೆ, ಕೆಲವು ತಿಂಗಳು ಕ್ರಮವಾಗಿ ಅಭ್ಯಾಸ ಮಾಡಿಸಿದ ಆರೋಗ್ಯವಂತ ನಾಯಿಯೂ ಮುಂಜಾನೆಯ ತಂಪಿನಲ್ಲಿ, ನಡುನಡುವೆ ನಿಂತು, ತನ್ನ ಸಹಜವಾದ ಕುಕ್ಕುಲೋಟದಲ್ಲಿ ದಿನಕ್ಕೆ 15 ಕಿಲೋಮೀಟರ್ ಓಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಮಿಕ್ಕ ದೂರವನ್ನು ಅದು ಸೈಕಲ್ಲಿನ ಹಿಂದೆ ಕಟ್ಟಿದ ಟ್ರೇಲರಿನಲ್ಲಿ ಕುಳಿತು ಸಾಗಬೇಕು. ಅಲ್ಲಿಗೆ ಗಣಿತ ಬದಲಾಯಿತು: ಸವಾರ 70 ಕಿಲೋ, ಸೈಕಲ್ಲು 15, ಸಾಮಾನು 15, ಟ್ರೇಲರ್ 15, ನಾಯಿ 30, ಒಟ್ಟು 145 ಕಿಲೋ. ಈ ಭಾರವನ್ನು ಘಾಟಿಯ ಮೇಲಕ್ಕೆ ಎಳೆಯುವುದು ಕಷ್ಟ. ಘಾಟಿಯನ್ನಿಳಿಯುವಾಗ ತಡೆದು ನಿಲ್ಲಿಸುವುದು ಅದಕ್ಕಿಂತಲೂ ಕಷ್ಟ. ಏರಿನಲ್ಲಿ ಇಬ್ಬರೂ ನಡೆಯುವುದು ಲೇಸು, ಇಳಿತದಲ್ಲಿಯೂ ನಡೆದರೆ ನಷ್ಟವಿಲ್ಲ. ವಿದೇಶದ ಟ್ರೇಲರ್ ದುಬಾರಿಯಾಯಿತೆನ್ನುವವರು ನುರಿತ ವೆಲ್ಡಿಂಗಿನವನೊಬ್ಬನಿಂದ ಅಗಲವಾದ, ನೆಲಕ್ಕೆ ಹತ್ತಿರವಾದ, ಮೇಲೆ ನೆರಳಿನ ಬಟ್ಟೆಯೂ ಸುತ್ತ ಗಾಳಿಯಾಡುವ ಜಾಲರಿಯೂ ಇರುವ ಬಂಡಿಯೊಂದನ್ನು ಮಾಡಿಸಿಕೊಳ್ಳಬಹುದು. ಹಗ್ಗವನ್ನು ಮಾತ್ರ ಎಂದಿಗೂ ಹ್ಯಾಂಡಲಿಗೆ ಕಟ್ಟಕೂಡದು. ಸೀಟಿನ ಕೆಳಗಿನ ಕಂಬಕ್ಕೆ ಜೋಡಿಸಿದ ಸ್ಪ್ರಿಂಗಿನ ತೋಳಿಗೆ, ನಾಯಿಯ ಕೊರಳಪಟ್ಟಿಯಿಂದಲ್ಲ, ಎದೆಗವಚದಿಂದ ಕಟ್ಟಬೇಕು.

ಹೀಗೆ ದಿನಕ್ಕೆ 35 ಕಿಲೋಮೀಟರಾಯಿತೆನ್ನಿ. ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 840 ಕಿಲೋಮೀಟರ್ ದೂರವಿದೆ; ಕಾತ್ರಜ, ಖಂಬಾಟಕಿ ಘಾಟಿಗಳಿವೆ; ಹಗಲಿರುಳೂ ಲಾರಿಗಳ ಪ್ರವಾಹವಿದೆ. ಆ ಹಾದಿ ನಾಯಿಗೆ ತಕ್ಕುದಲ್ಲ. ಅದಕ್ಕೆ ಬದಲಾಗಿ ಇನ್ನೊಂದು ದಾರಿಯನ್ನು ಸೂಚಿಸುತ್ತೇನೆ. ಹಡಪ್ಸರದ ಕಡೆಯಿಂದ ದಿವೇ ಘಾಟಿಯನ್ನೇರಿ ಸಾಸ್ವಡ, ಅಲ್ಲಿಂದ ಜೇಜುರಿ. ಜೇಜುರಿಯ ಖಂಡೋಬನು ನಮ್ಮ ಮೈಲಾರಲಿಂಗನೇ. ಅವನ ಪರಿವಾರದಲ್ಲಿ ಕುದುರೆಯಿರುವಂತೆ ನಾಯಿಯೂ ಉಂಟು. ನೀರಾ, ಲೋಣಂದಗಳನ್ನು ದಾಟಿ ಫಲಟಣದವರೆಗೆ ಜ್ಞಾನೇಶ್ವರರ ಪಾಲಕಿ ಪಂಢರಪುರಕ್ಕೆ ಸಾಗುವ ಮಾರ್ಗ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ನೀರಿಗೆ ಬಡವಾದ ಮಾಣದೇಶ, ಅನಂತರ ವಿಟಾ, ತಾಸಗಾವ, ಸಾಂಗಲಿ. ಸಾಂಗಲಿಗೆ ಸಮೀಪದ ನರಸೋಬಾವಾಡಿಯಲ್ಲಿ ಕೃಷ್ಣಾ ಪಂಚಗಂಗೆಗಳ ಸಂಗಮದಲ್ಲಿ ನಾಲ್ಕು ನಾಯಿಗಳನ್ನು ಬಳಿಯಲ್ಲಿಟ್ಟುಕೊಂಡ ದತ್ತಾತ್ರೇಯನ ಕ್ಷೇತ್ರ. ಮಿರಜ, ಅಥಣಿಗಳ ಮೇಲೆ ಹಾದು ಕೃಷ್ಣೆಯನ್ನು ದಾಟಿ ಜಮಖಂಡಿಯ ಮೂಲಕ ಬಂದರೆ ಮುಧೋಳ. ಒಟ್ಟು 350 ಕಿಲೋಮೀಟರಿನ ಆಸುಪಾಸು. ವಿಶ್ರಾಂತಿಯ ದಿನಗಳನ್ನೂ ಸೇರಿಸಿ ಎರಡು ವಾರ.

ರನ್ನನ ಈ ಊರು ಬೇಟೆನಾಯಿಯ ತವರೂ ಹೌದು. ಘೋರ್ಪಡೆ ಅರಸರ ಪೋಷಣೆಯಿಂದ ಹೆಸರಾದ ಮುಧೋಳದ ನಾಯಿಗೆ ಅಂಚೆ ಇಲಾಖೆ 2005ರಲ್ಲಿ ಚೀಟಿಯ ಗೌರವವನ್ನು ಸಲ್ಲಿಸಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದ್ದಾರೆ. ಅಂದಮಾತ್ರಕ್ಕೆ ಈ ಯಾತ್ರೆಗೆ ಮುಧೋಳದ ನಾಯಿಯೇ ಶ್ರೇಷ್ಠವೆಂದು ತಿಳಿಯಬೇಡಿ. ಅದು ಮೊಲದ ಹಿಂದೆ ಬಾಣದಂತೆ ಚಿಮ್ಮುವುದಕ್ಕೆ ಹುಟ್ಟಿದ ಪ್ರಾಣಿ; ಹೊಲದಂಚಿನಲ್ಲಿ ಮೊಲವೊಂದು ಎದ್ದರೆ ಸೈಕಲ್ಲು, ಬಂಡಿ, ಸವಾರ ಮೂರನ್ನೂ ಸೆಳೆದುಕೊಂಡು ಹೊಲಕ್ಕಿಳಿಯುವುದರಲ್ಲಿ ಸಂಶಯವಿಲ್ಲ.

ಕಾಲವೆಂದರೆ ನವೆಂಬರಿನ ನಡುವಿನಿಂದ ಜನವರಿಯ ಕೊನೆಯವರೆಗೆ. ಆದರೆ ಇಲ್ಲಿಯೇ ಒಂದು ಇಕ್ಕಟ್ಟು. ಅದೇ ತಿಂಗಳುಗಳಲ್ಲಿ ಸಾತಾರೆ, ಸಾಂಗಲಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಎಷ್ಟೋ ವೇಳೆ ಹಿಂಬದಿಯ ದೀಪವೇ ಇಲ್ಲದೆ, ಹಾಡಿನ ಅಬ್ಬರದೊಂದಿಗೆ ರಸ್ತೆಯನ್ನಾಕ್ರಮಿಸಿರುತ್ತವೆ. ಸೂರ್ಯೋದಯಕ್ಕೆ ಮುಂಚೆಯೂ ಸೂರ್ಯಾಸ್ತದ ಅನಂತರವೂ ಆ ರಸ್ತೆಗಳಲ್ಲಿ ಗಾಲಿ ಹಾಕಲಾಗದು. ಇದಕ್ಕಿಂತ ಗಂಭೀರವಾದುದು ಕಬ್ಬಿನೊಳಗಿನ ಚಿರತೆ. ಜುನ್ನರ ಅಕೋಲೆಗಳ ಕಬ್ಬಿನ ಗದ್ದೆಗಳಲ್ಲಿಯೇ ಮರಿ ಹಾಕಿ ಬೆಳೆಸುವ ಚಿರತೆಗಳ ಆಹಾರವನ್ನು ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯರೂ ಅವರ ಸಹೋದ್ಯೋಗಿಗಳೂ ಅಕೋಲೆಯಲ್ಲಿ ಪರಿಶೀಲಿಸಿದಾಗ, ಅದರಲ್ಲಿ ಅಗ್ರಸ್ಥಾನ ಊರನಾಯಿಗಳದೇ ಎಂದು ಕಂಡುಬಂತು. ಗ್ಯಾಂಗಿನವರು ಕಬ್ಬು ಕಡಿಯುತ್ತಿರುವಾಗ ನೆಲೆ ತಪ್ಪಿದ ಚಿರತೆ ಎತ್ತ ಹೊರಳುವುದೆಂದು ಹೇಳುವವರಾರು? ಇಂತಹ ಸೀಮೆಯಲ್ಲಿ ಕಬ್ಬಿನ ಬದುವಿನ ಮೇಲೆ ಗುಡಾರ ಹೂಡಿ, ನಕ್ಷತ್ರಗಳನ್ನು ನೋಡುತ್ತ ನಾಯಿಯನ್ನು ಹೊರಗೆ ಕಟ್ಟಿ ಮಲಗುವ ಕಾವ್ಯಮಯವಾದ ಯೋಚನೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕು. ರಾತ್ರಿ ನಾಲ್ಕು ಗೋಡೆಗಳು ಬೇಕು, ಬಾಗಿಲು ಬೇಕು.

ಕಾಡಿನ ಹಾದಿ ರಮ್ಯವೆಂದು ಕೋಯ್ನಾ, ಚಾಂದೋಲಿ, ದಾಂಡೇಲಿಗಳ ಕಡೆಗೆ ತಿರುಗುವುದೂ ಅನುಚಿತ. 2018ರಲ್ಲಿ ಗಿರ್ ಅರಣ್ಯದ ಸಿಂಹಗಳನ್ನು ಬಲಿತೆಗೆದುಕೊಂಡದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ರೋಗದ ವೈರಾಣು ಎಂಬುದನ್ನು ನೆನೆದರೆ, ನಮ್ಮ ಮುದ್ದಿನ ಪ್ರಾಣಿ ಅರಣ್ಯಕ್ಕೆ ಒಯ್ಯಬಹುದಾದ ಕೇಡು ಎಂತಹದೆಂಬುದು ತಿಳಿಯುತ್ತದೆ.

ವಸತಿಯ ಮಾತು ಸಂಕ್ಷೇಪವಾಗಿ ಹೇಳುವಂಥದು. ಲಾಡ್ಜುಗಳಲ್ಲಿ ನಾಯಿಯ ಹೆಸರೆತ್ತಿದರೆ ಕೊಠಡಿಗಳೆಲ್ಲ ಒಮ್ಮೆಲೇ ಭರ್ತಿಯಾಗಿಬಿಡುತ್ತವೆ. ಪುಣೆಯ ಕನ್ನಡ ಸಂಘದವರ ಪರಿಚಯ, ದಾರಿಯ ಊರುಗಳಲ್ಲಿ ಹೋಟೆಲು ನಡೆಸುವ ಉಡುಪಿಯ ಕಡೆಯವರ ಸೌಜನ್ಯ, ಹಳ್ಳಿಯ ಶಾಲೆಯ ಕೊಠಡಿ ಇವುಗಳನ್ನು ನಂಬಿ, ಮುಂಚಿತವಾಗಿ ದೂರವಾಣಿಯಲ್ಲಿ ಮಾತನಾಡಿಟ್ಟುಕೊಳ್ಳುವುದು ಮೇಲು. ರೇಬೀಸ್, ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ ರೋಗಗಳ ಲಸಿಕೆಯ ಪುಸ್ತಕವೂ ಪಾಲಿಕೆಯ ಪರವಾನಗಿಯೂ ಸಂಗಡವಿರಬೇಕು. ಉಣ್ಣೆಹುಳುವಿಗಾಗಿ ಪ್ರತಿ ಸಂಜೆ ಕಿವಿ, ಕಂಕುಳು, ಬೆರಳ ಸಂದುಗಳನ್ನು ಹುಡುಕಬೇಕು. ಊರನಾಯಿಗಳು ಮುತ್ತಿದರೆ ವೇಗ ಹೆಚ್ಚಿಸದೆ ಕೆಳಗಿಳಿದು, ಸೈಕಲ್ಲನ್ನು ನಡುವೆ ಹಿಡಿದು, ಮೆಲ್ಲನೆ ನಡೆಯಬೇಕು. ಕುರಿಹಿಂಡು ಕಂಡಲ್ಲಿ ದೂರದಿಂದಲೇ ಕೂಗಿ, ಕುರುಬನು ತನ್ನ ನಾಯಿಗಳನ್ನು ಹತ್ತಿರ ಕರೆದುಕೊಳ್ಳುವವರೆಗೆ ನಿಲ್ಲಬೇಕು. ಹಿಂದಿರುಗುವಾಗ ಮಿರಜದಿಂದ ರೈಲಿದೆ: ಮೊದಲ ದರ್ಜೆಯ ಕೂಪೆಯನ್ನು ಇಡಿಯಾಗಿ ಕಾದಿರಿಸಿದರೆ ನಾಯಿ ಒಡನೆಯೇ ಕೂರಬಹುದು, ಗಾರ್ಡಿನ ಡಬ್ಬಿಯ ಪೆಟ್ಟಿಗೆ ದೊಡ್ಡ ನಾಯಿಗೆ ಇಕ್ಕಟ್ಟು.

ಇಷ್ಟೆಲ್ಲ ತೊಡಕಿದ್ದರೆ ನಾಯಿಯನ್ನು ಒಯ್ಯುವುದೇತಕ್ಕೆ ಎಂದು ಕೇಳಬಹುದು. ಹತ್ತನೆಯ ಮಹಡಿಯ ಮೊಗಸಾಲೆಯಲ್ಲಿ ದಿನವಿಡೀ ಬಾಗಿಲನ್ನು ಕಾಯುತ್ತ ಬಿದ್ದಿರುವ ಪ್ರಾಣಿಗೆ ಎರಡು ವಾರಗಳ ಕಾಲ ಮಣ್ಣಿನ ವಾಸನೆ, ಹೊಳೆಯ ನೀರು, ಒಡೆಯನ ಅವಿಚ್ಛಿನ್ನ ಸಾನ್ನಿಧ್ಯ ದೊರೆಯುವುದು ಸಣ್ಣ ಲಾಭವಲ್ಲ. ಅದಕ್ಕಾಗಿಯೇ ಈ ಯಾತ್ರೆಯನ್ನು ನಾನು ಸಮರ್ಥಿಸುತ್ತೇನೆ. ಆದರೆ ಆ ಲಾಭ ನಾಯಿಗೆ ದೊರೆಯುತ್ತಿದೆಯೋ, ಒಡೆಯನ ಕ್ಯಾಮೆರಾಕ್ಕೆ ದೊರೆಯುತ್ತಿದೆಯೋ ಎಂಬುದನ್ನು ದಿನದಿನವೂ ಪರೀಕ್ಷಿಸಬೇಕು. ಪ್ರಾಣಿಯನ್ನು ಶಕ್ತಿ ಮೀರಿ ಓಡಿಸಿ ಯಾತನೆಗೀಡುಮಾಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 11ನೆಯ ವಿಧಿಯ ಪ್ರಕಾರ ಅಪರಾಧ. ಆ ವಿಧಿ ಎತ್ತಿನ ಗಾಡಿಯವನಿಗೆ ಅನ್ವಯಿಸುವಂತೆಯೇ ಸೈಕಲ್ಲಿನ ಸವಾರನಿಗೂ ಅನ್ವಯಿಸುತ್ತದೆ.

ಆದುದರಿಂದ ಹೊರಡಬೇಕೆಂದಿರುವವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಈ ವರ್ಷದ ಮಳೆಗಾಲ ಮುಗಿಯುತ್ತಲೇ ಪಶುವೈದ್ಯರಿಂದ ನಾಯಿಯ ಹೃದಯವನ್ನೂ ಸೊಂಟದ ಕೀಲುಗಳನ್ನೂ ಪರೀಕ್ಷೆ ಮಾಡಿಸಿ. ಟ್ರೇಲರನ್ನು ಮನೆಯೊಳಗಿರಿಸಿ, ನಾಯಿ ತಾನಾಗಿ ಏರಿ ಮಲಗುವವರೆಗೆ ಕಾಯಿರಿ. ಸಾಸ್ವಡದವರೆಗೆ ಒಮ್ಮೆ ಹೋಗಿ ಬನ್ನಿ. ಮರುದಿನ ಬೆಳಗ್ಗೆ ನೀವು ಟ್ರೇಲರನ್ನು ಹೊರತೆಗೆದಾಗ ನಾಯಿ ಮಂಚದ ಕೆಳಗೆ ಸೇರಿಕೊಂಡರೆ ಅದನ್ನು ಮನೆಯವರ ವಶಕ್ಕೆ ಬಿಟ್ಟು, ಬೆಂಗಳೂರಿಗೆ ನೀವೊಬ್ಬರೇ ಹೋಗಿ.